ಹದಿನೈದು ವರ್ಷ ದಾಟಿದ ಡೀಸೆಲ್ ಕಾರು: ಮಾರದೆ ರಿಪೇರಿ ಮಾಡಿಸಿ ಓಡಿಸಿದ ಅನುಭವ

2009ರಲ್ಲಿ ಧಾರವಾಡದಲ್ಲಿ ನೋಂದಣಿಯಾದ ನಮ್ಮ ಚಿಕ್ಕ ಡೀಸೆಲ್ ಕಾರಿನ ಆರ್‌ಸಿ (ನೋಂದಣಿ ಪತ್ರ) ಅವಧಿ 2024ರಲ್ಲಿ ಮುಗಿಯುವ ಹೊತ್ತಿಗೆ ಕ್ಲಚ್, ಮುಂದಿನ ಸಸ್ಪೆನ್ಶನ್ ಮತ್ತು ರೇಡಿಯೇಟರ್ ಮೂರೂ ಒಟ್ಟಿಗೆ ಕೆಲಸ ಕೇಳುತ್ತಿದ್ದವು. ಹುಬ್ಬಳ್ಳಿಯ ಗೋಕುಲ ರೋಡಿನ ಮೇಸ್ತ್ರಿಯೊಬ್ಬರು ಕೊಟ್ಟ ಅಂದಾಜು 70 ಸಾವಿರ ರೂಪಾಯಿಯ ಆಸುಪಾಸು ಇತ್ತು. ಇದ್ದ ಸ್ಥಿತಿಯಲ್ಲೇ ಗಾಡಿಯನ್ನು ಕೊಳ್ಳಲು ಬಂದವರು ಹೇಳಿದ ಬೆಲೆ ಸುಮಾರು 1.2 ಲಕ್ಷ. ರಿಪೇರಿಯ ಖರ್ಚು ಗಾಡಿಯ ಬೆಲೆಯ ಅರ್ಧ ದಾಟಿದರೆ ಮಾರಿಬಿಡಬೇಕು ಎಂಬ ಮಾತನ್ನು ನಮ್ಮಲ್ಲಿ ಹೆಚ್ಚು ಕಡಿಮೆ ಎಲ್ಲರೂ ಹೇಳುತ್ತಾರೆ. ಅದನ್ನು ಒಪ್ಪದೆ ನಾವು ರಿಪೇರಿಯನ್ನೇ ಮಾಡಿಸಿದೆವು. ಇಂದಿಗೂ ಧಾರವಾಡ–ಹುಬ್ಬಳ್ಳಿಯ ನಿತ್ಯದ ಓಡಾಟಕ್ಕೂ ಗದಗ, ಹಾವೇರಿಯ ಕೆಲಸಗಳಿಗೂ ಅದೇ ಕಾರು ಇದೆ.

ಅರ್ಧದ ಆ ಲೆಕ್ಕ ನನಗೆ ಒಪ್ಪಿಗೆಯಾಗದಿರಲು ಕಾರಣವಿದೆ. ಹದಿನೈದು ವರ್ಷದ ಕಾರಿನ ಮಾರುಕಟ್ಟೆ ಬೆಲೆ ಎಷ್ಟು ಚೆನ್ನಾಗಿಟ್ಟರೂ ಕಡಿಮೆಯೇ ಆಗಿರುವುದರಿಂದ, ಯಾವ ದೊಡ್ಡ ರಿಪೇರಿ ಬಂದರೂ ಅದು ಆ ಬೆಲೆಯ ಅರ್ಧವನ್ನು ದಾಟಿಯೇ ದಾಟುತ್ತದೆ. ರಿಪೇರಿಯ ಖರ್ಚನ್ನು ತೂಗಿ ನೋಡಬೇಕಾದದ್ದು ಅದರ ಬದಲಿಗೆ ಬರುವ ಕಾರು ಪ್ರತಿ ವರ್ಷ ನುಂಗುವ ಹಣದ ಜೊತೆಗೆ. 8 ಲಕ್ಷ ರೂಪಾಯಿಯ ಹೊಸ ಕಾರನ್ನು ತೆಗೆದುಕೊಳ್ಳೋಣ. 5ರಿಂದ 10 ಲಕ್ಷದೊಳಗಿನ ಕಾರಿಗೆ ಕರ್ನಾಟಕದಲ್ಲಿ ಶೇ. 14ರ ಜೀವಾವಧಿ ತೆರಿಗೆ ಇರುವುದರಿಂದ 1.12 ಲಕ್ಷ, ಅದರ ಮೇಲೆ ಸೆಸ್ಸು ಬೇರೆ, ಮೊದಲ ದಿನವೇ ಕೈಬಿಡುತ್ತದೆ. ವಿಮೆಯವರು ಅನುಸರಿಸುವ ಸವಕಳಿ ಪಟ್ಟಿಯಂತೆ ಐದನೆಯ ವರ್ಷದ ಹೊತ್ತಿಗೆ ಕಾರಿನ ಮೌಲ್ಯ ಅರ್ಧಕ್ಕೆ ಇಳಿಯುತ್ತದೆ, ಅಂದರೆ ವರ್ಷಕ್ಕೆ ಸರಾಸರಿ 80 ಸಾವಿರ. ಕಾರಿನ ಬೆಲೆಯಲ್ಲಿ 7 ಲಕ್ಷವನ್ನು ಶೇ. 9ರ ಬಡ್ಡಿಗೆ ಐದು ವರ್ಷದ ಸಾಲವಾಗಿ ತಂದರೆ ತಿಂಗಳ ಕಂತು ಸುಮಾರು 14,500 ಆಗಿ, ಬಡ್ಡಿಯೇ 1.7 ಲಕ್ಷ ದಾಟುತ್ತದೆ. 70 ಸಾವಿರದ ರಿಪೇರಿ ಮೂರೇ ವರ್ಷ ಬಾಳಿದರೂ ವರ್ಷಕ್ಕೆ 24 ಸಾವಿರ ಬೀಳುವುದಿಲ್ಲ. ಹಳೆಯ ಗಾಡಿಗೆ ಬ್ಯಾಟರಿ, ರಬ್ಬರ್ ಪೈಪು, ಎಂಜಿನ್ ಮೌಂಟಿಂಗ್ ಎಂದು ಆಗಾಗ ಬೀಳುವ ಚಿಲ್ಲರೆ ಖರ್ಚನ್ನು ಸೇರಿಸಿದರೂ ಅಂತರ ದೊಡ್ಡದೇ.

ಆದರೆ ಈ ಲೆಕ್ಕ ನಿಲ್ಲುವುದು ಕಾರಿನ ಬಾಡಿ ಗಟ್ಟಿಯಾಗಿದ್ದರೆ ಮಾತ್ರ. ಎಲ್ಲರೂ ಮೊದಲು ಕೇಳುವುದು ಎಂಜಿನ್ ಹೇಗಿದೆ ಎಂದು. ನಾನು ಮೊದಲು ನೋಡಿಸಿದ್ದು ತುಕ್ಕನ್ನು. ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟಬಹುದು, ಬೇಕಾದರೆ ಇಡೀ ಎಂಜಿನ್ನನ್ನೇ ಬದಲಿಸಬಹುದು. ಆದರೆ ಈಗಿನ ಚಿಕ್ಕ ಕಾರುಗಳಲ್ಲಿ ಬೇರೆ ಚಾಸಿಸ್ ಇರುವುದಿಲ್ಲ. ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ನೆಲಹಾಸಿನ ಅಡಿಯ ತಗಡು, ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ಭಾಗ ಕೂರುವ ಜಾಗ, ಇಲ್ಲಿ ತುಕ್ಕು ತಗಡನ್ನು ತಿಂದಿದ್ದರೆ ವೆಲ್ಡಿಂಗ್ ಮಾಡಿಸಿ ಬಣ್ಣ ಬಳಿದು ಓಡಿಸುವುದು ನನ್ನ ಮಟ್ಟಿಗೆ ಅಪಾಯದ ಕೆಲಸ. ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿ, ಕಾರ್ಪೆಟ್ ಎತ್ತಿ ನೋಡಿದ ಮೇಲೆಯೇ ನಾನು ರಿಪೇರಿಗೆ ಒಪ್ಪಿದ್ದು. ಧಾರವಾಡದ ಮಳೆಯಲ್ಲಿ ಬಯಲಲ್ಲೇ ನಿಲ್ಲುವ ಕಾರಿಗೆ ಈ ಪರೀಕ್ಷೆ ಇನ್ನೂ ಮುಖ್ಯ.

ಎಂಜಿನ್ನಿನ ವಿಷಯ ಸುಲಭವಾಗಿತ್ತು. ಫಿಯಟ್ ರೂಪಿಸಿದ 1248 ಸಿಸಿಯ ಈ ಎಂಜಿನ್ ಮಾರುತಿ, ಟಾಟಾ ಕಾರುಗಳಲ್ಲೂ ಬಂದದ್ದರಿಂದ ಬಿಡಿಭಾಗಗಳೂ ಬಿಚ್ಚಲು ಬಲ್ಲ ಕೈಗಳೂ ಹುಬ್ಬಳ್ಳಿಯಲ್ಲಿ ಧಾರಾಳವಾಗಿವೆ. ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ಆಡಿಸಲು ಬೆಲ್ಟಿನ ಬದಲು ಟೈಮಿಂಗ್ ಚೈನ್ ಇದೆ. ಆಯಿಲ್ ಸಮಯಕ್ಕೆ ಬದಲಾಗುತ್ತಿದ್ದರೆ ಅದು ತಕರಾರು ಮಾಡುವುದು ಕಡಿಮೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಬುಸುಗುಟ್ಟುತ್ತಿರಲಿಲ್ಲ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಇರಲಿಲ್ಲ, ಕೂಲಂಟಿನಲ್ಲಿ ಎಣ್ಣೆಯ ಪಸೆ ಇರಲಿಲ್ಲ. ಪಿಸ್ಟನ್ ರಿಂಗು, ಟರ್ಬೊ, ಹೆಡ್ ಗ್ಯಾಸ್ಕೆಟ್‌ಗಳ ಬಗ್ಗೆ ಇಷ್ಟು ಸಮಾಧಾನ ನನಗೆ ಸಾಕಾಯಿತು.

ರಿಪೇರಿಯ ಬಾಳಿಕೆಯ ಬಗ್ಗೆ ಹೇಳುವುದಾದರೆ, ಕ್ಲಚ್ ಮತ್ತು ರೇಡಿಯೇಟರ್ ಮತ್ತೆ ಕೆಲಸ ಕೇಳಿಲ್ಲ. ಸಸ್ಪೆನ್ಶನ್ನಿಗೆ ಆ ಮಾತು ಹೇಳಲಾರೆ. ಎರೆ ಮಣ್ಣಿನ ಮೇಲೆ ಹಾಕಿದ ರಸ್ತೆ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ, ಅಣ್ಣಿಗೇರಿ, ನವಲಗುಂದದ ಕಡೆ ಒಳದಾರಿ ಹಿಡಿದರೆ ಲಿಂಕ್ ರಾಡ್ ಮತ್ತು ಲೋವರ್ ಆರ್ಮ್ ಬುಷ್ ಬಹಳ ಕಾಲ ತಡೆಯುವುದಿಲ್ಲ. ಅಗ್ಗದ ಬುಷ್ ಹಾಕಿಸಿ ಉಳಿಸಿದ ಹಣ ಮರುವರ್ಷವೇ ಮಜೂರಿಗೆ ಹೋಗುತ್ತದೆ. ಕಷ್ಟವಾಗಿರುವುದು ಬಾಗಿಲಿನ ಬೀಡಿಂಗ್, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಎಸಿ ಸ್ವಿಚ್ಚಿನಂಥ ಸಣ್ಣ ವಸ್ತುಗಳದ್ದು. ಹೊಸದು ಸಿಗದೆ ಗುಜರಿಗೆ ಹೋಗಬೇಕಾಗುತ್ತದೆ.

ಆರ್‌ಸಿ ನವೀಕರಣಕ್ಕೆ ಹೆದರಬೇಕಾಗಿಲ್ಲ. ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಅರ್ಜಿ ಹಾಕಿ, ಗಾಡಿಯನ್ನು ಆರ್‌ಟಿಒ ತಪಾಸಣೆಗೆ ಒಯ್ದರೆ ಐದು ವರ್ಷಕ್ಕೆ ನವೀಕರಣ ಸಿಗುತ್ತದೆ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಹಸಿರು ತೆರಿಗೆ ಪ್ರತ್ಯೇಕ. ಹತ್ತು ವರ್ಷದ ಡೀಸೆಲ್ ಕಾರನ್ನು ಓಡಿಸುವಂತಿಲ್ಲ ಎಂಬ ಮಾತು ದೆಹಲಿ ಪ್ರದೇಶದ ನಿಯಮದಿಂದ ಹುಟ್ಟಿದ್ದು, ನಮಗೆ ಅನ್ವಯಿಸುವುದಿಲ್ಲ. ಕೊಳ್ಳಲು ಬಂದವರು ಬೆಲೆ ಇಳಿಸಲು ಇದನ್ನೇ ಮುಂದೆ ಮಾಡುತ್ತಾರೆ.

ಐದಾರು ವರ್ಷದ ಸೆಕೆಂಡ್‌ಹ್ಯಾಂಡ್ ಕಾರು ನಿಜವಾದ ಪ್ರತಿಸ್ಪರ್ಧಿ ಎಂದು ಒಪ್ಪುತ್ತೇನೆ. ಅದರ ದೊಡ್ಡ ಸವಕಳಿಯನ್ನು ಮೊದಲ ಮಾಲೀಕರು ಹೊತ್ತಿರುತ್ತಾರೆ. ಆದರೂ ನಮ್ಮ ಗಾಡಿಯ ಜಡ್ಡು ಏನೆಂದು ನಮಗೆ ಗೊತ್ತು, ಪರರ ಗಾಡಿಯದು ಕೊಂಡ ಮೇಲೆ ಗೊತ್ತಾಗುತ್ತದೆ.

ಯಾವ ರಿಪೇರಿಯಿಂದಲೂ ತುಂಬದ ಕೊರತೆ ಸುರಕ್ಷತೆಯದು. ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ; 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ, 2022ರ ಹೊತ್ತಿಗೆ ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್ ಕೂಡ. ಊರೊಳಗಿನ ಓಡಾಟದಲ್ಲಿ ಇದು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಹಾವೇರಿಯಿಂದ ರಾತ್ರಿ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಮನೆಯವರನ್ನು ಕೂರಿಸಿಕೊಂಡು ಬರುವಾಗ ಕಾಡುತ್ತದೆ. ಆದ್ದರಿಂದ ಕತ್ತಲಾದ ಮೇಲೆ ದೂರದ ಪ್ರಯಾಣಕ್ಕೆ ಈ ಕಾರನ್ನು ತೆಗೆಯುವುದನ್ನು ಬಿಟ್ಟಿದ್ದೇವೆ, ರೈಲಿದ್ದರೆ ರೈಲಿಗೇ ಹೋಗುತ್ತೇವೆ. ವಾರಕ್ಕೊಮ್ಮೆಯಾದರೂ ಹೆದ್ದಾರಿ ಹಿಡಿಯಲೇಬೇಕಾದವರಿಗೆ ಮೇಲಿನ ಲೆಕ್ಕವನ್ನೆಲ್ಲ ಬದಿಗಿಟ್ಟು ಎಬಿಎಸ್, ಏರ್‌ಬ್ಯಾಗ್ ಇರುವ ಕಾರನ್ನೇ ಕೊಳ್ಳಲು ಹೇಳುತ್ತೇನೆ. ನಮ್ಮದು 2029ರ ನವೀಕರಣದವರೆಗೆ ಇರಬಹುದು. ಅಷ್ಟರೊಳಗೆ ತಳದ ತಗಡಿನಲ್ಲಿ ತೂತು ಕಂಡರೆ ಅಂದೇ ಮಾರುತ್ತೇವೆ, ಬಣ್ಣ ಹೊಡೆಸದೆ.