ಟರ್ನ್‌ಟೇಬಲ್ ಚೆನ್ನಾಗಿದೆ, ಕಾರವಾರದ ಹವೆ ಕೇಳಬೇಕಲ್ಲ!

ಟರ್ನ್‌ಟೇಬಲ್ ಅಂದರೆ ರೆಕಾರ್ಡ್ ಪ್ಲೇಟು ಹಚ್ಚಿ ಹಾಡು ಕೇಳುವ ಮೆಷಿನ್. ಇಲ್ಲಿನ ಹವೆಯಲ್ಲಿ ಕಷ್ಟ ಆ ಪ್ಲೇಟುಗಳಿಗೆ. ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್ ಆಫ್ ದಿ ಮೂನ್’ ರೆಕಾರ್ಡಿನ ಹೊದಿಕೆ ಪೂರ್ತಿ ಕಪ್ಪು. ನಡುವೆ ಒಂದು ಪ್ರಿಸಮ್, ಅದರಿಂದ ಹೊರಡುವ ಬಣ್ಣದ ಪಟ್ಟಿ, ಅಷ್ಟೇ. ಬೂಷ್ಟು ಬಂದರೆ ಮೊದಲು ಕಾಣುವುದು ಅದರ ಮೇಲೆಯೇ. ಜುಲೈನಲ್ಲಿ ಕಪಾಟು ತೆಗೆದ ಕೂಡಲೇ ನಾನು ನೋಡುವುದು ಆ ಒಂದನ್ನು. ಅಲ್ಲಿ ಬೂದಿ ಬಣ್ಣದ ಚುಕ್ಕೆ ಕಂಡಿತೋ, ಉಳಿದ ಎಲ್ಲವನ್ನೂ ಹೊರಗೆ ತೆಗೆಯಬೇಕು. ಬೀಟಲ್ಸ್‌ನ ‘ವೈಟ್ ಆಲ್ಬಮ್’ ಪಾಡು ಬೇರೆ. ಬಿಳಿ ಹೊದಿಕೆಯ ಮೇಲೆ ಬೂಷ್ಟು ಬಂದದ್ದೇ ಗೊತ್ತಾಗುವುದಿಲ್ಲ. ಒರೆಸಿದ ಮೇಲೆ ಉಳಿಯುವ ಕಂದು ಕಲೆ ಮಾತ್ರ ಹೋಗುವುದಿಲ್ಲ.

ಟರ್ನ್‌ಟೇಬಲ್ ಹೇಗಿದೆ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಬೆಲ್ಟಿನ ಮೇಲೆ ಓಡುವ, ಕೈಯಿಂದಲೇ ಮುಳ್ಳು ಇಳಿಸುವ ಮೆಷಿನ್. ಜೊತೆಗೆ ಫೋನೋ ಇನ್‌ಪುಟ್ (ಟರ್ನ್‌ಟೇಬಲ್ ವೈರು ಚುಚ್ಚುವ ಜಾಗ) ಇರುವ ಹಳೆಯ ಆಂಪ್ಲಿಫೈಯರ್, ಎರಡು ಸಣ್ಣ ಸ್ಪೀಕರ್. ಎಲ್ಲ ಸೇರಿ 60 ಸಾವಿರದ ಒಳಗೆ. ಕಂಪನಿಯ ಹೆಸರು ಹಾಕುತ್ತಿಲ್ಲ. ಯಾವ ಕಂಪನಿಯದ್ದು ತಂದರೂ ಇಲ್ಲಿ ಇದೇ ಕಥೆ. ನಮ್ಮ ಮನೆ ಕೋಡಿಬಾಗದಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಳಿ ನದಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ರೆಕಾರ್ಡ್ ಇಡುವುದು ಹೇಗೆ ಅಂತ ಯಾವ ಮ್ಯಾನ್ಯುಅಲ್‌ನಲ್ಲೂ ಬರೆದಿಲ್ಲ.

ಬೂಷ್ಟಿಗೆ ಪ್ಲಾಸ್ಟಿಕ್ ಬೇಕಾಗಿಲ್ಲ. ಅದಕ್ಕೆ ಬೇಕಾದ್ದು ಕಾಗದ, ಧೂಳು, ನಮ್ಮ ಬೆರಳಿನ ಜಿಡ್ಡು. ಹಾಗಾಗಿ ಒಳಗಿನ ಕಾಗದದ ಚೀಲಗಳನ್ನೆಲ್ಲ ತೆಗೆದು ಪಾಲಿಥೀನಿನವು ಹಾಕಿದೆ. ಹೊರಗಿನ ದಪ್ಪ ಪ್ಲಾಸ್ಟಿಕ್ ಕವರು ಮಾತ್ರ ಬೇಡವೇ ಬೇಡ, ಒಳಗೆ ಬೆವರುತ್ತದೆ. ಮುಂದಿನ ಪ್ರಶ್ನೆ ಎಲ್ಲಿಡುವುದು ಎಂಬುದು. ಹಾಲ್‌ನ ಪಡು ಬದಿಯ ಗೋಡೆ ಮಳೆಗಾಲವಿಡೀ ಒದ್ದೆ. ನಾನು ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ರೇಟು ನೋಡುತ್ತಾ ಕೂತಿದ್ದಾಗ ಆಯಿ ಹೇಳಿದಳು, “ಹಪ್ಪಳ ಇಡೋ ಕಪಾಟಲ್ಲಿ ಇಡು ತಮಾ, ಎಂತೂ ಆಗ್ತಿಲ್ಲೆ.” ಆ ಕಪಾಟು ಇರುವುದು ನಡುಮನೆಯ ಒಳಗೋಡೆಗೆ. ಹಪ್ಪಳಕ್ಕೆ ಒಂದು ಖಾನೆ ಉಳಿಸಿ, ಮಿಕ್ಕ ಖಾನೆಗಳಲ್ಲಿ ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿದೆ. ತಳದಲ್ಲಿ ಒಂದು ಹಳೆಯ ಝೀರೋ ಬಲ್ಬು. ಎಲ್‌ಇಡಿ ಆಗುವುದಿಲ್ಲ, ಅದು ಅಷ್ಟು ಬಿಸಿಯಾಗುವುದಿಲ್ಲ. ತಂತಿ ಕಾಯುವ ಬಲ್ಬೇ ಬೇಕು, ಅದೂ ಪ್ಲೇಟುಗಳಿಂದ ದೂರ. ಡಿಹ್ಯುಮಿಡಿಫೈಯರ್ ದುಡ್ಡು ಉಳಿಯಿತು.

ಉಪ್ಪು ಗಾಳಿಗೆ ಮಾತ್ರ ಇಂಥ ಉಪಾಯ ಇಲ್ಲ. ವೈರಿನ ಪಿನ್ನಿಗೆ ಕಿಲುಬು ಹಿಡಿಯುತ್ತದೆ. ಒಂದು ಸಲ ಬೀಟಲ್ಸ್‌ನ ‘ರಬ್ಬರ್ ಸೋಲ್’ ಹಾಕಿದೆ. ಗಿಟಾರ್ ಇದೆ, ಡ್ರಮ್ಸ್ ಇದೆ, ಹಾಡುವವರೇ ಇಲ್ಲ! 1965ರ ಆ ಆಲ್ಬಮ್‌ನ ಸ್ಟೀರಿಯೋದಲ್ಲಿ ದನಿಯೆಲ್ಲ ಹೆಚ್ಚಾಗಿ ಒಂದು ಸ್ಪೀಕರಿನಲ್ಲಿ, ವಾದ್ಯ ಇನ್ನೊಂದರಲ್ಲಿ. ದನಿ ಬರುವ ಬದಿಯ ಪಿನ್ನು ಹಸಿರಾಗಿತ್ತು. ಈಗ ತಿಂಗಳಿಗೊಮ್ಮೆ ಪಿನ್ನು ಕಿತ್ತು ಒರೆಸಿ ಚುಚ್ಚುತ್ತೇನೆ. ಬೇಜಾರಿನ ಕೆಲಸ.

ಹಂಚಿನ ಮೇಲೆ ಮಳೆ ಸುರಿಯುವಾಗ ಏನು ಕೇಳುವುದು ಎಂಬುದು ಇನ್ನೊಂದು ತಲೆನೋವು. ‘ಡಾರ್ಕ್ ಸೈಡ್’ ಶುರುವಾಗುವುದು ಎದೆಬಡಿತದಿಂದ. ಜೂನ್‌ನಲ್ಲಿ ಆ ಬಡಿತ ನಮ್ಮ ಮನೆಯಲ್ಲಿ ಯಾರಿಗೂ ಕೇಳಿಲ್ಲ. ಮುಂದೆ ಗಡಿಯಾರಗಳೆಲ್ಲ ಒಟ್ಟಿಗೆ ಬಾರಿಸಿದಾಗಲೇ ಪ್ಲೇಟು ಓಡುತ್ತಿದೆ ಅಂತ ಗೊತ್ತಾಗುವುದು. ಹಾಗಾಗಿ ಮಳೆಗಾಲಕ್ಕೆ ಲೆಡ್ ಜೆಪ್ಪೆಲಿನ್, ಡೀಪ್ ಪರ್ಪಲ್. ಅವರು ಹಂಚಿಗೆ ಹೆದರುವವರಲ್ಲ.

ಕರೆಂಟಿನ ವಿಷಯಕ್ಕೆ ಬಂದರೆ ಬೀಟಲ್ಸ್‌ನ ‘ಅಬ್ಬಿ ರೋಡ್’ ಬಗ್ಗೆ ಹೇಳಲೇಬೇಕು. 1969ರ ಆ ಆಲ್ಬಮ್‌ನ ಮೊದಲ ಬದಿಯ ಕೊನೆಯ ಹಾಡು ಹತ್ತಿರ ಹತ್ತಿರ ಎಂಟು ನಿಮಿಷ. ಒಂದೇ ಗಿಟಾರ್ ಸುತ್ತು ಮತ್ತೆ ಮತ್ತೆ ಬರುತ್ತದೆ, ಹಿಂದೆ ಗಾಳಿಯಂಥ ಸದ್ದು ಏರುತ್ತಾ ಹೋಗುತ್ತದೆ, ಆಮೇಲೆ ಕತ್ತರಿಸಿದ ಹಾಗೆ ಫಕ್ಕನೆ ನಿಲ್ಲುತ್ತದೆ. ಅವರು ಬೇಕಂತಲೇ ಮಾಡಿದ್ದು. ಪ್ರತಿ ಸಲವೂ ಒಳಗಿನಿಂದ ಆಯಿ, “ಕರೆಂಟ್ ಹೋತಾ?” ಅನ್ನುತ್ತಾಳೆ. ಅರ್ಧ ಸಲ ನಿಜಕ್ಕೂ ಹೋಗಿರುತ್ತದೆ. ಹಳೆಯ ಇನ್ವರ್ಟರ್ ಮೇಲೆ ಸೆಟ್ ಗುಂಯ್ ಅನ್ನುತ್ತಿತ್ತು, ಸೈನ್‌ವೇವ್ ಇನ್ವರ್ಟರ್ ಹಾಕಿದ ಮೇಲೆ ನಿಂತಿತು.

ಇಷ್ಟೆಲ್ಲ ಬೈದೆ. ಈಗ ಇದೇ ಹವೆಯ ಉಪಕಾರವನ್ನೂ ಹೇಳಬೇಕು. ಬೆಂಗಳೂರಿನಲ್ಲಿದ್ದಾಗ ಫೆಬ್ರವರಿಯಲ್ಲಿ ಚೀಲದಿಂದ ಪ್ಲೇಟು ಎಳೆದರೆ ಕೈಯ ರೋಮ ನಿಲ್ಲುತ್ತಿತ್ತು. ಒಣ ಗಾಳಿಗೆ ಸ್ಟ್ಯಾಟಿಕ್ ಜಾಸ್ತಿ, ಧೂಳನ್ನೆಲ್ಲ ಎಳೆದುಕೊಂಡು ಚಿಟಿಚಿಟಿ ಸದ್ದು. ಎಷ್ಟು ಬ್ರಷ್ ಮಾಡಿದರೂ ಧೂಳು ಜಾಗ ಬದಲಿಸುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಇಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ಆ ಚಾರ್ಜ್ ನಿಲ್ಲುವುದಿಲ್ಲ. ಬ್ರಷ್ ಹಿಡಿದರೆ ಧೂಳು ಸುಮ್ನೆ ಬರುತ್ತದೆ. ಅದೇ ಪ್ಲೇಟು, ಅದೇ ಮುಳ್ಳು, ಹಾಡುಗಳ ನಡುವಿನ ಜಾಗ ಮಾತ್ರ ಎಷ್ಟು ಶಾಂತ! ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಬೂಷ್ಟಿನ ಮೇಲಿನ ಸಿಟ್ಟು ಅರ್ಧ ಇಳಿದದ್ದು ಇದರಿಂದಲೇ.

ಇನ್ನರ್ಧ ಇಳಿಸಿದ್ದು ಮನೆಯ ಚಿರೆಕಲ್ಲಿನ ಗೋಡೆ. ಪ್ಲೇಟು ಕೊರೆಯುವಾಗ ಬಾಸ್, ಅಂದರೆ ಕೆಳಸ್ಥಾಯಿಯ ದನಿ, ತಗ್ಗಿಸಿ ಕೊರೆದಿರುತ್ತಾರೆ. ಫೋನೋ ಇನ್‌ಪುಟ್ ಅದನ್ನು ಮತ್ತೆ ಮೇಲೆತ್ತುತ್ತದೆ, ಜೊತೆಗೆ ನಡೆಯುವವರ ಹೆಜ್ಜೆಯ ಧಡಧಡವನ್ನೂ ಎತ್ತುತ್ತದೆ. ಹಳೆಯ ದಪ್ಪ ಗೋಡೆಯಲ್ಲಿ ದೀಪ ಇಡುವ ಗೂಡು ಇತ್ತು. ಅದನ್ನು ಅಗಲ ಮಾಡಿಸಿ, ಕಡಪ ಕಲ್ಲು ಕೂರಿಸಿ, ಅದರ ಮೇಲೆ ಟರ್ನ್‌ಟೇಬಲ್ ಇಟ್ಟೆ. ಈಗ ಪಕ್ಕದಲ್ಲಿ ಮಕ್ಕಳು ಕುಣಿದರೂ ಮುಳ್ಳು ಹಾರುವುದಿಲ್ಲ. ದುಬಾರಿ ಸ್ಟ್ಯಾಂಡ್ ಕೊಳ್ಳುವವರನ್ನು ಕಂಡರೆ ಪಾಪ ಅನ್ನಿಸುತ್ತದೆ.

ಭಾನುವಾರ ಬೆಳಿಗ್ಗೆ ತೊಳೆಯುವ ಕೆಲಸ. ಡಿಸ್ಟಿಲ್ಡ್ ವಾಟರ್, ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ. ಬಾವಿ ನೀರು ಬೇಡ, ಒಣಗಿದ ಮೇಲೆ ಮುಳ್ಳು ಓಡುವ ಗೀರಿನಲ್ಲಿ ಉಪ್ಪು ಉಳಿಯುತ್ತದೆ. ಮೆತ್ತನೆಯ ಬಟ್ಟೆಯಿಂದ ಗೀರಿನ ಸುತ್ತಿಗೇ ಒರೆಸಬೇಕು, ಅಡ್ಡಡ್ಡ ಅಲ್ಲ. ನಡುವಿನ ಲೇಬಲ್ಲಿಗೆ ಹನಿ ತಾಗಬಾರದು. ಆಮೇಲೆ ಪಾತ್ರೆ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸುತ್ತೇನೆ, ತಾಟುಗಳ ನಡುವೆ ಜೆಪ್ಪೆಲಿನ್. ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳಿಗೆ ಮಾತ್ರ ಈ ನೀರು ಮುಟ್ಟಿಸಬೇಡಿ. ಅವು ಅರಗಿನವು, ಆಲ್ಕೋಹಾಲಿಗೆ ಕರಗುತ್ತವೆ.

ಒಣಗಿದ ಮೇಲೆ ಮೊದಲನೆಯದನ್ನು ಹಚ್ಚುವುದು. ಒಂದು ಬದಿ 20 ನಿಮಿಷದ ಆಸುಪಾಸು. ಅಷ್ಟರಲ್ಲಿ ಆಯಿಯ ಕಷಾಯ ಬರುತ್ತದೆ, ಲೋಟ ಖಾಲಿಯಾಗುವ ಹೊತ್ತಿಗೆ ಬದಿ ಮುಗಿದಿರುತ್ತದೆ. ಎದ್ದು ತಿರುಗಿಸಬೇಕು. ಫೋನಿನಲ್ಲಿ ಹಾಡು ಹಾರಿಸುತ್ತಾ ಹೋಗುವ ನನ್ನ ಚಟಕ್ಕೆ ಇದೇ ಮದ್ದು.

ದನಿ ಸ್ಟ್ರೀಮಿಂಗ್‌ಗಿಂತ ಮೇಲೋ? ಎಲ್ಲ ಸಲ ಅಲ್ಲ. 3–4 ಸಾವಿರ ಕೊಟ್ಟು ತರಿಸಿದ ಹೊಸ ಮರುಮುದ್ರಣವೊಂದು ಸೊಟ್ಟಗಿತ್ತು, ತೂಗುಯ್ಯಾಲೆ ಆಡುತ್ತಿತ್ತು. ಗೋವಾದ ಮಡಗಾಂವ್ ಕಡೆಯ ಹಳೆ ಮನೆಯಿಂದ ಅಗ್ಗಕ್ಕೆ ಬಂದ, ಕೋಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ ಒತ್ತಿದ ಬೀಟಲ್ಸ್ ಪ್ಲೇಟು ತೊಳೆದ ಮೇಲೆ ಅದಕ್ಕಿಂತ ಚೆನ್ನಾಗಿ ಹಾಡಿತು. ನನ್ನ ಬಜೆಟ್ಟಿಗೆ ಹಳೆಯದೇ ಸರಿ.

ಕರಾವಳಿಯವರು ಕೊಳ್ಳುವುದಾದರೆ ಕೊಳ್ಳಿ. ಮೆಷಿನ್‌ಗೆ ಸ್ವಲ್ಪ ಕಡಿಮೆ ಖರ್ಚು ಮಾಡಿ, ಉಳಿದದ್ದರಲ್ಲಿ ಒಂದು ಒಳ್ಳೆಯ ಕಪಾಟು ಮಾಡಿಸಿ. ರೆಕಾರ್ಡುಗಳನ್ನು ಮೇ ಒಳಗೆ ತರಿಸಿಕೊಳ್ಳಿ, ಜೂನ್ ಆಮೇಲೆ ಕೊರಿಯರ್ ಡಬ್ಬಿ ನೆಂದೇ ಬರುತ್ತದೆ. ಬೆಲ್ಟು ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಕಾರವಾರದಲ್ಲಿ ಸಿಗುವುದಿಲ್ಲ, ಮಡಗಾಂವ್‌ನಲ್ಲಿ ಹುಡುಕಿದರೂ ನನಗಂತೂ ಸಿಕ್ಕಿಲ್ಲ.