ಮಾಗಡಿ ಕೆರಿಗೆ ಒಯ್ದ ಮಕ್ಕಳ ದುರ್ಬೀನು

ಐದು ವರ್ಷದ ಮಗಳಿಗೆ ಹುಬ್ಬಳ್ಳಿ ದುರ್ಗದಬೈಲಿನಾಗ ಸಣ್ಣದೊಂದು ದುರ್ಬೀನು ಕೊಡಿಸಿದೆ. ಕಣ್ಣಿಗೆ ರಬ್ಬರಿನ ಅಂಚು ಐತಿ, ಒತ್ತೂದಿಲ್ಲ. ನಡುವಿನ ಗಾಲಿ ಮಾತ್ರ ಭಾಳ ಬಿಗಿ, ಆಕಿ ಬೆರಳಿಗೆ ತಿರುಗೂದಿಲ್ಲ. ನಾವ ಹೊಂದಿಸಿ ಕೊಡಬೇಕು.

ಚಳಿಗಾಲದಾಗ ಗದಗ ಜಿಲ್ಲೆಯ ಮಾಗಡಿ ಕೆರಿಗೆ ಹೋದ್ವಿ. 2024ರಾಗ ರಾಮ್ಸರ್ ಪಟ್ಟಿ, ಅಂದ್ರ ಜಗತ್ತಿನ ಮಹತ್ವದ ಕೆರಿ-ಜೌಗು ನೆಲಗಳ ಪಟ್ಟಿ, ಸೇರಿದ ಕೆರಿ ಅದು. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ನೀರಿನ್ಯಾಗ ಕೂತಿದ್ದವು. "ಅವ್ವಾ, ಬಿಳಿ ತಲಿ ಮ್ಯಾಲ ಎರಡು ಕರಿ ಗೆರಿ!" ಅಂತ ಆಕಿನ ಮೊದಲು ಹೇಳಿದ್ಲು. ರಾತ್ರಿ ಅಜ್ಜಿ ಮುಂದ ಅದನ್ನ ಇದ್ದಲಿಲೆ ಬಿಡಿಸಿ ತೋರಿಸಿದ್ಲು, ಗೆರಿ ಎರಡೂ ಸರಿಯಾಗಿದ್ದವು. ಹಿಂಗ ನೆನಪಿಟ್ಟದ್ದು ನನಗ ಭಾಳ ಹಿಡಿಸಿತು.

ಕೊಟ್ಟ ರೊಕ್ಕಕ್ಕ ಮೋಸ ಇಲ್ಲ, ಕೊಡಸ್ರಿ. ಸೂರ್ಯನ ಕಡೆ ಮಾತ್ರ ಹಿಡಿಯಾಕ ಬಿಡಬ್ಯಾಡ್ರಿ.