ಬೆಂಗಳೂರಿನ ಸ್ಲ್ಯಾಮ್ ಹಬ್ಬದಲ್ಲಿ ಯಾವುದಕ್ಕೆ ಹೋಗಬೇಕು: ಪಂದ್ಯ, ವಾಚನ, ಶೋಕೇಸ್, ಕಾರ್ಯಾಗಾರ

ಸ್ಲ್ಯಾಮ್ ಅಂದರೆ ಕವಿಗಳು ವೇದಿಕೆ ಮೇಲೆ ಓದಿ ಕೇಳುಗರಿಂದಲೇ ಅಂಕ ಪಡೆಯುವ ಕವಿತೆಯ ಪಂದ್ಯ. ಆದರೆ ಸ್ಲ್ಯಾಮ್ ಹಬ್ಬ ಅಂದರೆ ಒಂದೇ ಕಾರ್ಯಕ್ರಮ ಅಲ್ಲ. ಒಂದು ಹಾಲ್‌ನಲ್ಲಿ ವಾಚನ ನಡೆಯುತ್ತಿರುತ್ತದೆ, ಪಕ್ಕದ ಕೋಣೆಯಲ್ಲಿ ಕಾರ್ಯಾಗಾರ, ಸಂಜೆ ದೊಡ್ಡ ವೇದಿಕೆಯಲ್ಲಿ ಹೆಸರು ಮಾಡಿದವರ ಶೋಕೇಸ್, ಆಮೇಲೆ ಪಂದ್ಯ. ಎಲ್ಲದಕ್ಕೂ ಕೂರುತ್ತೇನೆ ಅಂದರೆ ಆಗುವುದಿಲ್ಲ. ಸಮಯ ಒಂದರ ಮೇಲೊಂದು ಬೀಳುತ್ತದೆ, ಕಾರ್ಯಾಗಾರಕ್ಕೆ ಸೀಟು ಕಡಿಮೆ, ಅದರ ಟಿಕೆಟ್ಟೂ ಬೇರೆ. ಇಂದಿರಾನಗರ, ಕೋರಮಂಗಲ, ದೊಮ್ಮಲೂರು ಕಡೆ ಇಂಥ ಹಬ್ಬಗಳಲ್ಲಿ ನಾನು ನಾಲ್ಕನ್ನೂ ಕೂತು ನೋಡಿದ್ದೇನೆ, ಮೈಕ್ ಮುಂದೆ ನಿಂತೂ ನೋಡಿದ್ದೇನೆ. ನಾನು ಬರೆಯುವುದು ಕನ್ನಡದಲ್ಲಿ. ಆದ್ದರಿಂದ ಈ ಹೋಲಿಕೆ ಮುಖ್ಯವಾಗಿ ಕನ್ನಡದಲ್ಲಿ ಬರೆಯುವವರಿಗೆ, ಬರೆಯಬೇಕು ಅಂತ ಆಸೆ ಇರುವವರಿಗೆ.

ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದನ್ನು ಆರಿಸಿಕೊಳ್ಳಬೇಕಾದರೆ ಕಾರ್ಯಾಗಾರಕ್ಕೆ ಹೋಗಿ. ಎರಡನೆಯದಕ್ಕೆ ಸಮಯ ಇದ್ದರೆ ವಾಚನ. ಪಂದ್ಯ ಒಂದು ಸಲ ನೋಡಲೇಬೇಕು. ಶೋಕೇಸ್ ಕೊನೆಗೆ.

ಪಂದ್ಯದಿಂದ ಶುರು ಮಾಡೋಣ, ಹಬ್ಬಕ್ಕೆ ಹೆಸರು ಬಂದಿದ್ದೇ ಅದರಿಂದ. ಷಿಕಾಗೋದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಅನ್ನುವ ಕವಿ 1986ರಲ್ಲಿ ಗ್ರೀನ್ ಮಿಲ್ ಅನ್ನುವ ಜಾಝ್ ಕ್ಲಬ್‌ನಲ್ಲಿ ಇದನ್ನು ಶುರು ಮಾಡಿದರು. ಕವಿಗಳು ಕವಿಗಳಿಗೇ ಓದಿಕೊಂಡು ಕೂರುವ ಸಭೆಗಳು ಅವರಿಗೆ ಸಾಕಾಗಿದ್ದವು. ಹಾಗಾಗಿ ಅಂಕ ಕೊಡುವ ಅಧಿಕಾರವನ್ನು ಕೇಳುಗರ ಕೈಗೇ ಕೊಟ್ಟುಬಿಟ್ಟರು. ಈಗ ಸಾಮಾನ್ಯವಾಗಿ ನಡೆಯುವ ನಿಯಮ ಹೀಗಿದೆ. ಸಭೆಯಿಂದಲೇ 5 ಜನ ತೀರ್ಪುಗಾರರು. ಪ್ರತಿಯೊಬ್ಬರೂ 0ಯಿಂದ 10ರವರೆಗೆ ಅಂಕ ಕೊಡುತ್ತಾರೆ, 8.7, 9.1 ಅಂತ ದಶಮಾಂಶ ಸಮೇತ. ಅತಿ ಹೆಚ್ಚಿನ ಅಂಕ ಒಂದು, ಅತಿ ಕಡಿಮೆ ಅಂಕ ಒಂದು ತೆಗೆದುಹಾಕಿ ಉಳಿದ ಮೂರನ್ನು ಕೂಡಿಸುತ್ತಾರೆ. ಪೂರ್ತಿ ಅಂಕ 30. ಕವಿತೆ ಸ್ವಂತದ್ದೇ ಆಗಿರಬೇಕು, ವೇಷಭೂಷಣ, ವಾದ್ಯ, ಸಾಮಾನು ಏನೂ ಇರಬಾರದು. 3 ನಿಮಿಷ ಸಮಯ, ಅದರ ಮೇಲೆ 10 ಸೆಕೆಂಡ್ ರಿಯಾಯಿತಿ, ಅದೂ ದಾಟಿದರೆ ಪ್ರತಿ 10 ಸೆಕೆಂಡಿಗೆ ಅರ್ಧ ಅಂಕ ಕಟ್.

ಕವಿತೆಗೆ ಅಂಕವಾ ಅಂತ ಮೂಗು ಮುರಿಯುವವರು ನಮ್ಮಲ್ಲಿ ಜಾಸ್ತಿ. ನನಗೆ ಅದು ತಪ್ಪು ಅನ್ನಿಸುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಹಾಡಿಕೆಯಲ್ಲಿ ಎರಡು ಮೇಳಗಳು ಎದುರುಬದುರು ನಿಂತು, ಒಬ್ಬರು ಗಂಡು ಹೆಚ್ಚು ಅಂತ ಇನ್ನೊಬ್ಬರು ಹೆಣ್ಣು ಹೆಚ್ಚು ಅಂತ ರಾತ್ರಿಯಿಡೀ ಹಾಡಿನಲ್ಲೇ ಸವಾಲು-ಜವಾಬು ನಡೆಸುತ್ತಾರೆ, ಊರೇ ಕೂತು ಕೇಳುತ್ತದೆ. ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು, ಅಲ್ಲೇ ಪದ್ಯ ಕಟ್ಟುವ ಅವಧಾನಿಯನ್ನು ಅಡ್ಡಗಾಲು ಹಾಕಿ ಬೀಳಿಸಲು ನೋಡುತ್ತಾರೆ, ಅದರಲ್ಲೂ ನಿಷೇಧಾಕ್ಷರಿಯವರು ಮುಂದಿನ ಅಕ್ಷರ ಊಹಿಸಿ ಅದೇ ಬೇಡ ಅನ್ನುತ್ತಾರೆ. ಪೈಪೋಟಿ ಕವಿತೆಗೆ ಹೊಸದಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಬೆಂಗಳೂರಿನ ಪಂದ್ಯಗಳಲ್ಲಿ ಇಂಗ್ಲಿಷ್, ಹಿಂದಿ, ಕನ್ನಡ ಎಲ್ಲ ಒಂದೇ ಸುತ್ತಿನಲ್ಲಿ ಬರುತ್ತವೆ. ಈಗ ಲೆಕ್ಕ ನೋಡಿ. ಐವರಲ್ಲಿ ಒಬ್ಬರಿಗೆ ಮಾತ್ರ ಕನ್ನಡ ಬರುತ್ತೆ ಅಂದುಕೊಳ್ಳಿ. ಅವರು ನಿಮ್ಮ ಕವಿತೆಗೆ 9.4 ಕೊಟ್ಟರು. ಉಳಿದ ನಾಲ್ವರು ದನಿ, ಹಾವಭಾವ ನೋಡಿ 7.3, 7.1, 6.8, 6.5 ಕೊಟ್ಟರು. ಅತಿ ಹೆಚ್ಚಿನ ಅಂಕ ಹೊರಗೆ ಹೋಗಬೇಕಲ್ಲ, ಹೋಗುವುದು ಆ 9.4! ಅರ್ಥ ಆದ ಒಬ್ಬರ ಅಂಕವೇ ಲೆಕ್ಕಕ್ಕಿಲ್ಲ. ನಿಮಗೆ ಸಿಗುವುದು 21.2. ಮೂವರಿಗೆ ಕನ್ನಡ ಬಂದು 9.4, 9.2, 9.0 ಕೊಟ್ಟು, ಉಳಿದಿಬ್ಬರು 7.1, 6.8 ಕೊಟ್ಟಿದ್ದರೆ ಅದೇ ಕವಿತೆಗೆ 25.3 ಆಗುತ್ತದೆ. ಸಲಿಗೆ, ದ್ವೇಷ ಎರಡನ್ನೂ ತಡೆಯುವುದಕ್ಕೆ ಮಾಡಿದ ನಿಯಮ ಅದು, ಒಂದೇ ಭಾಷೆಯ ಸಭೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮೂರಿನಂಥ ಊರಿನಲ್ಲಿ ಅದು ಕನ್ನಡದ ಕವಿತೆಗೆ ನೇರವಾಗಿ ಪೆಟ್ಟು ಕೊಡುತ್ತದೆ. ಇದನ್ನು ಯಾರೂ ಬೇಕಂತ ಮಾಡುತ್ತಿಲ್ಲ, ಆದರೆ ಆಗುತ್ತಿದೆ. ಕನ್ನಡದಲ್ಲಿ ಬರೆಯುವ ಹುಡುಗ ಹುಡುಗಿಯರು ಎರಡು ಸಲ ಸೋತು ಮೂರನೇ ಸಲಕ್ಕೆ ಇಂಗ್ಲಿಷಿಗೆ ಹೋಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು. ಸಂಜೆ ಏರಿದ ಹಾಗೆ ಸಭೆಗೂ ಕಾವು ಏರುತ್ತದೆ, ಅಂಕಗಳೂ ಏರುತ್ತವೆ. ಮೊದಲು ಬಂದವರಿಗೆ ನಷ್ಟ. ಅದಕ್ಕೇ ಪಂದ್ಯದಲ್ಲಿ ಇಲ್ಲದ ಒಬ್ಬ ಕವಿಯನ್ನು ಮೊದಲು ಓದಿಸಿ ತೀರ್ಪುಗಾರರ ಕೈ ಪಳಗಿಸುತ್ತಾರೆ. ಆದರೂ ಚೀಟಿಯಲ್ಲಿ ಮೊದಲ ನಂಬರ್ ಬಂದರೆ ಬೇಜಾರು ಮಾಡಿಕೊಳ್ಳಬೇಡಿ, ಗೆಲ್ಲುವುದು ಕಷ್ಟ ಅಂತ ತಿಳಿದೇ ಓದಿ.

ಹಾಗಾದರೆ ಪಂದ್ಯಕ್ಕೆ ಯಾಕೆ ಹೋಗಬೇಕು? 3 ನಿಮಿಷಕ್ಕೆ. ಅಷ್ಟು ಹೊತ್ತಿನಲ್ಲಿ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಅನ್ನುವುದು ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ. ಎದುರಿಗೆ ಅಷ್ಟು ಮುಖ ಇದ್ದಾಗ, ನಿಮ್ಮ ಕವಿತೆಯ ಯಾವ ಸಾಲಿಗೆ ಜನ ಫೋನ್ ನೋಡಲು ಶುರು ಮಾಡುತ್ತಾರೆ ಅನ್ನುವುದು ಅಲ್ಲೇ ಕಾಣುತ್ತದೆ. ಯಾವ ವಿಮರ್ಶಕರೂ ಅಷ್ಟು ಬೇಗ, ಅಷ್ಟು ನಿಖರವಾಗಿ ಹೇಳುವುದಿಲ್ಲ.

ವಾಚನದ ಕಥೆ ಬೇರೆ. ನಮ್ಮ ಕವಿಗೋಷ್ಠಿ ಅಭ್ಯಾಸ ಇರುವವರಿಗೆ ಹಬ್ಬದ ವಾಚನ ಆರಾಮ ಅನ್ನಿಸುತ್ತದೆ. ಕವಿಗೋಷ್ಠಿಯಲ್ಲಿ ದೀಪ, ಸ್ವಾಗತ, ಉದ್ಘಾಟನೆ, ಆಮೇಲೆ ಇಪ್ಪತ್ತು ಮೂವತ್ತು ಕವಿಗಳು ತಲಾ ಒಂದು ಕವಿತೆ, ಕೊನೆಗೆ ಅಧ್ಯಕ್ಷರ ಮಾತು. ಅಷ್ಟು ಹೊತ್ತಿಗೆ ಮೊದಲು ಓದಿದವರು ಮನೆ ತಲುಪಿರುತ್ತಾರೆ. ಹಬ್ಬದ ವಾಚನದಲ್ಲಿ ಒಂದು ಗಂಟೆಗೆ ಇಬ್ಬರು ಮೂವರು ಕವಿಗಳು, ಒಬ್ಬೊಬ್ಬರೂ ನಾಲ್ಕೈದು ಕವಿತೆ ಓದುತ್ತಾರೆ, ನಡುವೆ ಸ್ವಲ್ಪ ಮಾತು. ಒಬ್ಬ ಕವಿಯ ದನಿ ನಿಮ್ಮ ಕಿವಿಗೆ ಒಗ್ಗಲು ಅಷ್ಟಾದರೂ ಬೇಕು.

ಒಬ್ಬ ಹಿರಿಯ ಕವಯಿತ್ರಿ ಒಂದು ಚಿಕ್ಕ ಕವಿತೆಯನ್ನು ಎರಡು ಸಲ ಓದಿದರು. ಮೊದಲ ಸಲ ಹಾಗೇ ಓದಿಕೊಂಡು ಹೋದರು. ಆಮೇಲೆ, 'ಇನ್ನೊಂದು ಸಲ ಓದ್ತೀನಿ, ಈಗ ನಿಮಗೆ ಕೊನೆ ಗೊತ್ತಲ್ಲ' ಅಂದರು. ಎರಡನೇ ಸಲ ಅದೇ ಸಾಲುಗಳು ಬೇರೆಯಾಗಿ ಕೇಳಿಸಿದವು, ಮೊದಲ ಸಾಲಿನಲ್ಲಿದ್ದ ಒಂದು ಸಣ್ಣ ಕೋಪ ಆಗ ಮಾತ್ರ ಕಿವಿಗೆ ಬಿತ್ತು. ಪಂದ್ಯದಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ಒಂದೇ ಏಟಿಗೆ ತಾಗಬೇಕು. ನಮ್ಮ ಗಮಕದಲ್ಲಿ, ಅಂದರೆ ಹಳೆಯ ಕಾವ್ಯವನ್ನು ರಾಗದಲ್ಲಿ ಓದುವ ಕಲೆಯಲ್ಲಿ, ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ, ಒಂದೇ ಪದ್ಯದ ಸುತ್ತ ಕಾಲು ಗಂಟೆ ಕೂರುವ ತಾಳ್ಮೆ ಕೇಳುವವರಿಗೂ ಇರುತ್ತದೆ. ಹಬ್ಬದ ವಾಚನದಲ್ಲಿ ಆ ತಾಳ್ಮೆಯ ಒಂದಿಷ್ಟು ಉಳಿದಿದೆ, ನನಗೆ ಅದು ಬಹಳ ಇಷ್ಟ.

ಆದರೆ ಒಂದು ಕಡೆ ಕನ್ನಡದ ವಾಚನವನ್ನು ಮಧ್ಯಾಹ್ನ ಎರಡು ಗಂಟೆಗೆ ಹಾಕಿದ್ದರು. ಊಟ ಆದ ಹೊತ್ತು, ಹೊರಗೆ ಬಿಸಿಲು, ಹಾಲ್‌ನಲ್ಲಿ ಮುಕ್ಕಾಲು ಕುರ್ಚಿ ಖಾಲಿ. ಅದೇ ಹೊತ್ತಿಗೆ ಪಕ್ಕದಲ್ಲಿ ಇಂಗ್ಲಿಷ್ ಕವಿಗಳ ಮಾತುಕತೆ. ಕನ್ನಡದವರಿಗೆ ಜಾಗ ಕೊಟ್ಟಿದ್ದೇವೆ ಅಂತ ಪಟ್ಟಿಯಲ್ಲಿ ತೋರಿಸಿದರೆ ಸಾಲದು. ಸಂಜೆ ಆರರ ನಂತರ ಕೊಡಬೇಕು, ಆಫೀಸ್ ಮುಗಿಸಿ ಬರುವವರಿಗೆ ಸಿಗಬೇಕು.

ಶೋಕೇಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಕು ಚೆನ್ನಾಗಿರುತ್ತದೆ, ಕವಿಗಳು ಪಳಗಿದವರು, ಒಂದು ಪದವೂ ತಡವರಿಸುವುದಿಲ್ಲ. ಕವಿತೆ ಅಂದರೆ ಪಠ್ಯಪುಸ್ತಕ ಅಂದುಕೊಂಡ ಗೆಳೆಯರನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬರೆಯುವವರು ಅಲ್ಲಿ ಗಮನಿಸಬೇಕಾದ್ದು ಕವಿತೆಗಳ ಜೋಡಣೆ: ಸಿಟ್ಟಿನ ಕವಿತೆಯ ಮೇಲೆ ಯಾವುದನ್ನು ಇಡುತ್ತಾರೆ, ಎಲ್ಲಿ ನಗಿಸುತ್ತಾರೆ, ಎಲ್ಲಿ ಸುಮ್ನೆ ನಿಲ್ಲುತ್ತಾರೆ. ಆದರೆ ಅಲ್ಲಿ ಕೇಳುವ ಕವಿತೆಗಳಲ್ಲಿ ಹೆಚ್ಚಿನವು ಯೂಟ್ಯೂಬ್‌ನಲ್ಲಿ ಆಗಲೇ ಇರುತ್ತವೆ. ದುಡ್ಡು ಸಮಯ ಎರಡೂ ಕಡಿಮೆ ಇದ್ದರೆ ಇದನ್ನೇ ಬಿಡಿ. ಗ್ರೀನ್ ಮಿಲ್‌ನಲ್ಲಿ ಓಪನ್ ಮೈಕ್, ಅತಿಥಿ ಕವಿ, ಪಂದ್ಯ ಮೂರೂ ಒಂದೇ ಕೂಟದಲ್ಲಿ ಒಂದರ ಹಿಂದೆ ಒಂದು ನಡೆಯುವ ಪದ್ಧತಿ. ಹೊಸಬರು ಓದಿದ ಅದೇ ಮೈಕ್‌ಗೆ ಅತಿಥಿ ಬರುತ್ತಾರೆ. ನಮ್ಮ ಹಬ್ಬಗಳಲ್ಲಿ ಶೋಕೇಸ್ ಬೇರೆ ವೇದಿಕೆ, ಬೇರೆ ಟಿಕೆಟ್ ಆದಮೇಲೆ ಆ ಹತ್ತಿರದ ಭಾವ ಹೋಗಿಬಿಟ್ಟಿದೆ.

ಈಗ ಕಾರ್ಯಾಗಾರ. ಇದರಲ್ಲೂ ಎರಡು ಥರ ಇವೆ, ಟಿಕೆಟ್ ಕೊಳ್ಳುವ ಮೊದಲು ಕೇಳಿಕೊಳ್ಳಿ. ಒಂದು ಥರದ್ದರಲ್ಲಿ ಪರದೆ ಮೇಲೆ ವಿಡಿಯೊ ತೋರಿಸಿ, ನಿಮ್ಮ ನೋವನ್ನು ಬರೆಯಿರಿ ಅಂತ ಹತ್ತು ನಿಮಿಷ ಕೊಟ್ಟು, ಬರೆದಿದ್ದಕ್ಕೆಲ್ಲ ಚಪ್ಪಾಳೆ ಹೊಡೆಸಿ ಕಳಿಸುತ್ತಾರೆ. ಮನಸ್ಸಿಗೆ ಹಿತವಾಗಿರುತ್ತದೆ, ಕವಿತೆಗೆ ಏನೂ ಆಗುವುದಿಲ್ಲ. ಇನ್ನೊಂದು ಥರದ್ದರಲ್ಲಿ ಹತ್ತು ಹದಿನೈದು ಜನ ಇರುತ್ತಾರೆ, ಎಲ್ಲರೂ ಮೊದಲೇ ಬರೆದ ಒಂದು ಕವಿತೆ ತಂದಿರಬೇಕು, ಅದನ್ನು ಎದ್ದು ನಿಂತು ಓದಬೇಕು, ಅಲ್ಲೇ ಬಿಚ್ಚಿ ಕಟ್ಟಬೇಕು. ನಾನು ಹೇಳುತ್ತಿರುವುದು ಈ ಎರಡನೆಯದರ ಬಗ್ಗೆ.

ನಾನು ಒಯ್ದಿದ್ದು ರಾಜಕಾಲುವೆ ಉಕ್ಕಿ ಮನೆಗಳಿಗೆ ನೀರು ನುಗ್ಗಿದ ಬಗ್ಗೆ ಒಂದು ಕವಿತೆ. ಅದರಲ್ಲಿ ಒಂದು ಸಾಲು ಹೀಗಿತ್ತು: 'ಕೆರೆಯ ಜಾಗದಲ್ಲಿ ಮನೆ ಕಟ್ಟಿದವರ ಹೊಸ್ತಿಲಿಗೆ ನೀರು ತನ್ನ ಹಳೇ ವಿಳಾಸ ಹುಡುಕಿಕೊಂಡು ಬಂತು.' ಕಾಗದದ ಮೇಲೆ ಸರಿಯಾಗೇ ಇದೆ. ನಡೆಸಿಕೊಡುತ್ತಿದ್ದವರು, ರಂಗಭೂಮಿಯಿಂದ ಬಂದವರು, ಹಿಂದಿನ ಗೋಡೆ ಹತ್ತಿರ ಹೋಗಿ ನಿಂತು ಓದಲು ಹೇಳಿದರು. ಓದಿದೆ. 'ಬಂತಾ, ಬರಲಿಲ್ವಾ? ನನಗೆ ಕೇಳಿಸಲಿಲ್ಲ' ಅಂದರು. ಆಮೇಲೆ ವಿವರಿಸಿದರು. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಹೌದಾ ಅಲ್ಲವಾ, ಆಯಿತಾ ಆಗಲಿಲ್ಲವಾ ಅನ್ನುವುದು ಕೊನೆಯ ಎರಡು ಅಕ್ಷರದಲ್ಲಿರುತ್ತದೆ. ಉಸಿರು ಮುಗಿಯುವುದೂ ಸರಿಯಾಗಿ ಅಲ್ಲೇ. ಉದ್ದ ಸಾಲು ಓದುವಾಗ ನಾವು ಬಾಲ ನುಂಗುತ್ತೇವೆ, ಬಾಲದಲ್ಲೇ ಜೀವ ಇರುತ್ತದೆ. ಇಂಗ್ಲಿಷಿನವರ ಓದುವ ಧಾಟಿಯನ್ನು ನಕಲು ಮಾಡಿದರೆ ಇದು ಇನ್ನೂ ಹಾಳಾಗುತ್ತದೆ, ಯಾಕೆಂದರೆ ಅವರ ವಾಕ್ಯದಲ್ಲಿ ಕೆಲಸ ಮೊದಲೇ ಆಗಿಹೋಗಿರುತ್ತದೆ.

ಅರ್ಧ ಗಂಟೆ ಆ ಸಾಲಿನ ಮೇಲೇ ಕೂತೆವು. ಕೊನೆಗೆ ಆಗಿದ್ದು ಇದು: 'ನೀರು ಬಂತು. ಹಳೇ ವಿಳಾಸ ಹುಡುಕಿಕೊಂಡು ಬಂತು. ಕೆರೆ ಇದ್ದ ಜಾಗದ ಹೊಸ್ತಿಲಿಗೇ ಬಂತು.' ಮೂರು ಉಸಿರು, ಮೂರು ಸಲ ಬಂತು. ಹಿಂದಿನ ಗೋಡೆಗೂ ಕೇಳಿಸಿತು. ವಚನಗಳನ್ನು ಬಾಯಿಬಿಟ್ಟು ಓದಿ ನೋಡಿ, ಸಣ್ಣ ಸಣ್ಣ ವಾಕ್ಯ, ಒಂದೇ ಥರದ ಕೊನೆ ಮತ್ತೆ ಮತ್ತೆ ಬರುತ್ತದೆ, ಕಿವಿಗಾಗಿ ಕಟ್ಟಿದ್ದು ಅಂತ ಆಗ ಗೊತ್ತಾಗುತ್ತದೆ.

ಅದೇ ಕೋಣೆಯಲ್ಲಿ ಕಲಬುರಗಿ ಕಡೆಯ ಒಬ್ಬಳು ಹುಡುಗಿ ಇದ್ದಳು. ಅಜ್ಜಿ ಬಗ್ಗೆ ಕವಿತೆ, ಪೂರ್ತಿ ಪುಸ್ತಕದ ಕನ್ನಡ. ಕವಿತೆ ಪಕ್ಕಕ್ಕಿಟ್ಟು, ಅಜ್ಜಿ ಬಗ್ಗೆ ನಿಮ್ಮಮ್ಮನಿಗೆ ಫೋನಿನಲ್ಲಿ ಹೇಳುವ ಹಾಗೆ ಹೇಳು ಅಂದರು. ಅವಳು ತನ್ನ ಮನೆಮಾತಿನಲ್ಲಿ ಶುರು ಮಾಡಿದಳು ನೋಡಿ, ಕೋಣೆಯ ಗಾಳಿಯೇ ಬದಲಾಯಿತು. ಬೆಂಗಳೂರಿನ ವೇದಿಕೆ ಅಂದರೆ ಊರ ಮಾತು ಬಿಟ್ಟು ಬರಬೇಕು ಅಂತ ಅವಳಿಗೆ ಯಾರೋ ಹೇಳಿದ್ದರಂತೆ. ಇದನ್ನು ಒಡೆಯುವ ಕೆಲಸ ಪಂದ್ಯದಲ್ಲಿ ಆಗುವುದಿಲ್ಲ, ಶೋಕೇಸಿನಲ್ಲಿ ಆಗುವುದಿಲ್ಲ.

ಇನ್ನೊಂದು ಕಾರ್ಯಾಗಾರದಲ್ಲಿ ಗಮಕ ಕಲಿತವರೊಬ್ಬರು ಭಾಮಿನಿ ಷಟ್ಪದಿಯ 3-4 ಮಾತ್ರೆಯ ಗಣಗಳನ್ನು ಕೈಯಲ್ಲಿ ತಟ್ಟಿಸಿದರು. ಆರು ಸಾಲು, ಮೂರನೆಯದು ಆರನೆಯದು ಉದ್ದ. ಆ ನಡೆಯಲ್ಲಿ ಟ್ರಾಫಿಕ್ ಬಗ್ಗೆ, ಮನೆ ಬಾಡಿಗೆ ಬಗ್ಗೆ ಎರಡೆರಡು ಸಾಲು ಕಟ್ಟಿಸಿದರು. ಎಲ್ಲರೂ ಷಟ್ಪದಿ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಆದರೆ ಈಗ ಸ್ಲ್ಯಾಮ್‌ನಲ್ಲಿ ಎಲ್ಲರದೂ ಒಂದೇ ರಾಗ ಆಗಿದೆ, ಪ್ರತಿ ಸಾಲಿನ ಕೊನೆಗೆ ದನಿ ಏರಿಸುವುದು, ಆಮೇಲೆ ಗಡಗಡ ಓಡಿಸುವುದು. ನಮ್ಮ ಕಿವಿಯಲ್ಲಿ ಬೇರೆ ನಡೆಗಳೂ ಇವೆ ಅಂತ ನೆನಪಿಸಿದ್ದಕ್ಕೆ ಆ ಎರಡು ಗಂಟೆಯ ದುಡ್ಡು ಸಾರ್ಥಕ.

ಹೋಗುವವರಿಗೆ ಕೆಲವು ಮಾತು. ಕಾರ್ಯಾಗಾರ ಶನಿವಾರ, ಪಂದ್ಯ ಭಾನುವಾರ ಇದ್ದರೆ ಎರಡಕ್ಕೂ ಹೆಸರು ಕೊಡಿ, ತಿದ್ದಿದ ಕವಿತೆಯನ್ನು ಮರುದಿನವೇ ಓದಿ ನೋಡುವ ಅವಕಾಶ ಬಿಡಬೇಡಿ. ವಿಜಯನಗರ, ಕೆಂಗೇರಿ ಕಡೆಯವರು ಇಂದಿರಾನಗರಕ್ಕೆ ನೇರಳೆ ಮೆಟ್ರೋದಲ್ಲಿ ಒಂದೇ ರೈಲಿನಲ್ಲಿ ಬರಬಹುದು, ಕಾರು ಮಾತ್ರ ತರಬೇಡಿ. ಕವಿತೆಯನ್ನು ಫೋನಿನಲ್ಲಿ ಅಲ್ಲ, ಕಾಗದದಲ್ಲಿ ತನ್ನಿ, ಗೀಚಲು ಜಾಗ ಬೇಕು.

ಪಂದ್ಯಕ್ಕೆ ಹೆಸರು ಕೊಡುವಾಗ ಒಂದು ಪ್ರಶ್ನೆ ಕೇಳಿ: ತೀರ್ಪುಗಾರರಲ್ಲಿ ಎಷ್ಟು ಜನಕ್ಕೆ ಕನ್ನಡ ಬರುತ್ತೆ? ಮೆತ್ತಗೆ ಕೇಳಿ, ಆದರೆ ಕೇಳಿ. ಒಂದು ಕಡೆ ನಾವು ಮೂರು ನಾಲ್ಕು ಜನ ಸೇರಿ ಆ ಅಂಕದ ಲೆಕ್ಕವನ್ನು ಬರೆದು ತೋರಿಸಿದೆವು. ನಿರೂಪಕಿ ಎರಡು ನಿಮಿಷ ನೋಡಿದರು, ವೇದಿಕೆಗೆ ಹೋಗಿ ಕನ್ನಡ ಬರುವವರು ಕೈ ಎತ್ತಿ ಅಂದರು, ಎತ್ತಿದವರಲ್ಲಿ ಮೂವರಿಗೆ ಅಂಕದ ಬೋರ್ಡ್ ಕೊಟ್ಟರು. ಅವತ್ತು ಕನ್ನಡದ ಇಬ್ಬರು ಕೊನೆಯ ಸುತ್ತಿಗೆ ಹೋದರು.